ಗಿರೀಶನ ರಾಮೋನಾ ದಾರಿ

೨೦೨೧ರ ಚಳಿಗಾಲದ ಒಂದು ಬೆಳಿಗ್ಗೆ ಗಿರೀಶ ಹಲ್ಲುಜ್ಜುತ್ತಿದ್ದಾಗ ಬಚ್ಚಲುಮನೆಯ ನೆಲ ದೋಣಿಯ ಹಾಗೆ ಓಲಾಡಿತು. ಎಡಗಿವಿಯ ಒಳಗೆ ಸೋಂಕು ಎಂದರು ಡಾಕ್ಟರು. ಮೂರು ತಿಂಗಳು ಹಾಸಿಗೆ ಹಿಡಿದ ಮೇಲೆ ಸೋಂಕು ಹೋಯಿತು, ಓಲಾಟ ಪೂರ್ತಿ ಹೋಗಲಿಲ್ಲ. ಕೈಗೆಟುಕುವ ಹಾಗೆ ಗೋಡೆಯಿದ್ದರೆ ನಡೆಯುತ್ತಿದ್ದ, ಬಯಲಿನಲ್ಲಿ ಕೋಲು ಬೇಕಾಗುತ್ತಿತ್ತು. ಐವತ್ತನಾಲ್ಕರ ಈ ಟೆಲಿಕಾಂ ಎಂಜಿನಿಯರು ಅದಕ್ಕೂ ಮೊದಲು ಹನ್ನೊಂದು ವರ್ಷ, ಪ್ರತಿ ಶನಿವಾರ, ಸ್ಯಾನ್ ಡಿಯೇಗೊ ಸುತ್ತಲ ಗುಡ್ಡಗಳನ್ನು ಸೈಕಲ್ಲಿನಲ್ಲಿ ಹತ್ತಿ ಇಳಿದವನು. ಈಗ ಸೈಕಲ್ಲು ಬೇರೆಯವರ ಪಾಲಾಗಿತ್ತು. ಆಫೀಸಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ.

೨೦೨೩ರ ಆಗಸ್ಟಿನಲ್ಲಿ ಹಳೆಯ ಸವಾರಿಯ ಗೆಳೆಯ ಸಂದೀಪ್ ಮನೆಗೆ ಬಂದ. ಅಕ್ಟೋಬರಿನಲ್ಲಿ ತಾವು ನಾಲ್ಕು ಜನ ರಾಮೋನಾ ಊರಿನ ಕಡೆಯ ದ್ರಾಕ್ಷಿತೋಟಗಳಿಗೆ ಸೈಕಲ್ಲಿನಲ್ಲಿ ಹೋಗಿ, ಅಲ್ಲಿ ವೈನ್ ಮಾಡಿ ರುಚಿಗೆ ಕೊಡುವ ವೈನ್ ಮನೆಗಳನ್ನು ನೋಡಿ ಬರಬೇಕೆಂದಿದ್ದೇವೆ ಎಂದ.

"ಮ್ಯಾಪ್ ಹಿಡ್ಕೊಂಡು ಕೂತ್ಕೊಳ್ಳೋ ತಾಳ್ಮೆ ನಮ್ಗ್ಯಾರಿಗೂ ಇಲ್ಲ ಕಣೋ. ನೀನೇ ಒಂದ್ ರೂಟ್ ಪ್ಲ್ಯಾನ್ ಮಾಡ್ಕೊಡು."

ಇದರಲ್ಲಿ ಅರ್ಧ ಮರುಕವಿದೆ ಎಂದು ಗಿರೀಶನಿಗೆ ಗೊತ್ತಾಯಿತು. ಆದರೂ ಒಪ್ಪಿಕೊಂಡ.

ಅಂದಿನಿಂದ ಊಟದ ಮೇಜಿನ ಅರ್ಧ ಭಾಗ ನಕ್ಷೆಯದಾಯಿತು. ರಾಮೋನಾಕ್ಕೆ ಹೋಗುವ ಹೈಲ್ಯಾಂಡ್ ವ್ಯಾಲಿ ರಸ್ತೆ ಎಲ್ಲಿ ಬಾಗುತ್ತದೆ, ಎಷ್ಟು ಏರುತ್ತದೆ, ಓಕ್ ಮರಗಳ ನೆರಳು ಎಷ್ಟು ಹೊತ್ತಿಗೆ ರಸ್ತೆಯ ಯಾವ ಬದಿಗೆ ಬೀಳುತ್ತದೆ ಎಂದೆಲ್ಲ ಉಪಗ್ರಹದ ಚಿತ್ರಗಳನ್ನು ಹಿಗ್ಗಿಸಿ ನೋಡಿದ. ಯಾವ ವೈನ್ ಮನೆ ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತದೆ, ಎಲ್ಲಿ ಕುಡಿಯುವ ನೀರು ಸಿಗುತ್ತದೆ ಎಂದು ಬರೆದುಕೊಂಡ. ಏರುವುದೆಲ್ಲ ಮುಗಿದ ಮೇಲೆಯೇ ಮೊದಲ ಗುಟುಕು, ಹಿಂದಿರುಗುವುದು ವ್ಯಾನಿನಲ್ಲಿ, ಡ್ರೈವ್ ಮಾಡುವವಳು ನಿರುಪಮಾ ಎಂದೂ ಹೆಂಡತಿಯನ್ನು ಕೇಳದೆಯೇ ಸೇರಿಸಿದ.

ಕೆಲವೊಮ್ಮೆ ಬೆರಳು ನಕ್ಷೆಯ ಮೇಲೇ ನಿಂತುಬಿಡುತ್ತಿತ್ತು. ಕಣ್ಣು ಮುಚ್ಚಿದರೆ ಮೇಜು, ಗೋಡೆ, ಕಿಟಕಿಯಾಚೆಯ ಪಕ್ಕದ ಮನೆಯವರ ಗ್ಯಾರೇಜು ಎಲ್ಲ ಕರಗಿ, ಹುಲ್ಲು ಒಣಗಿ ಹೊಂಬಣ್ಣವಾದ ಇಳಿಜಾರು ಸದ್ದಿಲ್ಲದೆ ಹಿಂದಕ್ಕೆ ಸರಿಯತೊಡಗುತ್ತಿತ್ತು. ಆ ಸವಾರಿಯಲ್ಲಿ ತಲೆ ಸುತ್ತುತ್ತಿರಲಿಲ್ಲ. ನಿರುಪಮಾ ಕಾಫಿ ತಂದಿಟ್ಟು, ಅದು ಆರುವವರೆಗೂ ಅವನ ಮುಖ ನೋಡುತ್ತಾ ನಿಲ್ಲುತ್ತಿದ್ದಳು.

"ಎಲ್ಲಿದೀಯ ಈಗ?" ಎಂದು ಒಮ್ಮೆ ಕೇಳಿದಳು.

"ಏರು ಮುಗೀತು. ಇನ್ನೊಂದ್ ತಿರುವು," ಎಂದ ಕಣ್ಣು ತೆರೆಯದೆ.

ನಕ್ಷೆಯಿಂದ ತಿಳಿಯದ್ದನ್ನು ಕೇಳಲು ಆ ವೈನ್ ಮನೆಗಳಿಗೆ ಫೋನ್ ಮಾಡುತ್ತಿದ್ದ. ಒಂದು ಚಿಕ್ಕ ತೋಟದಲ್ಲಿ ಲೊರೇನ್ ಎಂಬ ಮುದುಕಿ ಫೋನೆತ್ತಿದಳು. ಬೆಳಿಗ್ಗೆ ಹತ್ತಕ್ಕೆ ನಿಮ್ಮಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಗಿರೀಶ ಇಂಗ್ಲಿಷಿನಲ್ಲಿ ಕೇಳಿದ.

"ಇದನ್ನ ನನ್ನ ಯಾರೂ ಕೇಳಿಲ್ಲ," ಎಂದಳು ಆಕೆ. "ತಡಿ, ಹೊರಗೆ ಹೋಗಿ ನೋಡ್ತೀನಿ."

ಜಾಲರಿಬಾಗಿಲು ಕಿರುಗುಟ್ಟಿತು. ಜಲ್ಲಿಕಲ್ಲಿನ ಮೇಲೆ ನಿಧಾನವಾದ ಹೆಜ್ಜೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಯಾವುದೋ ಹಕ್ಕಿ ಮಾತ್ರ. ಗಿರೀಶ ಫೋನನ್ನು ಬಲಗಿವಿಗೆ ಒತ್ತಿ ಹಿಡಿದು ಆ ಮೌನವನ್ನೇ ಕೇಳಿದ.

"ಈಗ ಎಲೆ ಅಲ್ಲಾಡ್ತಿಲ್ಲ," ಎಂದಳು ಲೊರೇನ್. "ಹನ್ನೊಂದಾದ ಮೇಲೆ ಸಮುದ್ರದ ಕಡೆಯಿಂದ ಬರುತ್ತೆ."

ಮರುದಿನ ಬೇಲಿಯ ಬಗ್ಗೆ ಕೇಳಿದ, ಅದರಾಚೆ ದಿನ ದ್ರಾಕ್ಷಿಯ ಬಗ್ಗೆ. ಮೂರನೆಯ ವಾರ ಆಕೆಯೇ ಕೇಳಿದಳು, "ನೀನು ಯಾವತ್ತು ಬರೋದು?"

"ನಾನು ಬರೋದಿಲ್ಲ. ನನ್ನ ಗೆಳೆಯರು ಬರ್ತಾರೆ." ಕಿವಿಯ ಕತೆಯನ್ನು ಎರಡು ವಾಕ್ಯಗಳಲ್ಲಿ ಹೇಳಿದ.

ಲೊರೇನ್ ಅಯ್ಯೋ ಎನ್ನಲಿಲ್ಲ. ತನ್ನ ತಮ್ಮನಿಗೆ ಪಾರ್ಶ್ವವಾಯು ಬಡಿದ ಮೇಲೆ ಕೊಂಡ ಮೂರು ಚಕ್ರದ ಸೈಕಲ್ಲೊಂದು ಶೆಡ್ಡಿನಲ್ಲಿದೆ, ಒರಗಿ ಕೂರುವಂಥದ್ದು, ನೆಲಕ್ಕೆ ಹತ್ತಿರ, ಬೀಳೋಣವೆಂದರೂ ಬೀಳುವುದಿಲ್ಲ ಎಂದಳು. "ತಮ್ಮ ತೀರಿಕೊಂಡ. ಅದು ಸುಮ್ಮನೆ ನಿಂತಿದೆ. ಚಕ್ರಕ್ಕೆ ಗಾಳಿ ಹಾಕಿಸಿಡ್ತೀನಿ."

ಗಿರೀಶ ಎರಡು ದಿನ ಇದನ್ನು ನಿರುಪಮಾಳಿಗೆ ಹೇಳಲಿಲ್ಲ. ಹೇಳಿದಾಗ ಅವಳು ಬೈದಳು.

"ಬಿದ್ರೆ? ಮತ್ತೆ ಮೂರ್ ತಿಂಗ್ಳು ಹಾಸಿಗೆ ಮೇಲಾ?"

"ಬೀಳಲ್ವಂತೆ."

"ಅಂತೆ!" ಎಂದು ಪಾತ್ರೆ ಕುಕ್ಕಿದಳು. ಸ್ವಲ್ಪ ಹೊತ್ತಿನ ಮೇಲೆ ಹೊರಬಂದು, "ನಾನು ಪಕ್ಕದಲ್ಲೇ ನಡೀತೀನಿ. ಅದಕ್ಕೆ ಒಪ್ಪಿದ್ರೆ ಮಾತ್ರ," ಎಂದಳು.

ಅಕ್ಟೋಬರಿನ ಆ ಶನಿವಾರ ಸಂದೀಪನ ಗುಂಪು ಏಳಕ್ಕೇ ಹೊರಟಿತು. ಗಿರೀಶ, ನಿರುಪಮಾ ಒಂಬತ್ತೂವರೆಗೆ ವ್ಯಾನಿನಲ್ಲಿ ತೋಟ ಸೇರಿದರು. ಲೊರೇನ್ ಅವನು ಅಂದುಕೊಂಡದ್ದಕ್ಕಿಂತ ಬಹಳ ಕುಳ್ಳಗಿದ್ದಳು, ತಲೆಗೆ ಹುಲ್ಲಿನ ಟೋಪಿ. ಹೆಚ್ಚು ಮಾತಿಲ್ಲದೆ ಶೆಡ್ಡಿನ ಬಾಗಿಲು ಸರಿಸಿದಳು. ಸೈಕಲ್ಲು ಕೆಂಪಗಿತ್ತು, ಸೀಟಿನ ಬಟ್ಟೆಯನ್ನು ಹೊಸದಾಗಿ ತೊಳೆದಿದ್ದರು.

ಕೋಲನ್ನು ನಿರುಪಮಾಳ ಕೈಗೆ ಕೊಟ್ಟು ಗಿರೀಶ ಕುಳಿತ. ಪಾದಗಳು ಪೆಡಲಿಗೆ ಸಿಕ್ಕವು. ಮೊದಲ ತುಳಿತಕ್ಕೆ ತೋಟವೆಲ್ಲ ಒಮ್ಮೆ ಬಲಕ್ಕೆ ವಾಲಿತು. ಅವನು ಹಿಡಿಗಳನ್ನು ಬಿಗಿ ಹಿಡಿದು ಕಾದ. ತೋಟ ತನ್ನ ಜಾಗಕ್ಕೆ ಮರಳಿತು. ಮತ್ತೆ ತುಳಿದ.

ಬಳ್ಳಿಗಳ ಸಾಲಿನ ನಡುವೆ ಮಣ್ಣು ಗಟ್ಟಿಯಾಗಿತ್ತು. ಕಾಲು ಮುಂದೆ, ತಲೆ ಹಿಂದೆ, ಒರಗಿ ಕುಳಿತವನಿಗೆ ದಾರಿಗಿಂತ ಆಕಾಶವೇ ಹೆಚ್ಚು ಕಾಣುತ್ತಿತ್ತು. ಕೆಂಪೇರಿದ ಎಲೆಗಳು ಮೊಣಕೈ ಸವರಿ ಹೋಗುತ್ತಿದ್ದವು. ಕೊಯ್ಲಿನಲ್ಲಿ ಬಿಟ್ಟುಹೋದ ದ್ರಾಕ್ಷಿ ಬಿಸಿಲಿಗೆ ಸುಕ್ಕುಗಟ್ಟಿ, ಬೆಲ್ಲದ ಪಾಕದಂಥ ವಾಸನೆ ಹರಡಿತ್ತು. ಉಪಗ್ರಹದ ಚಿತ್ರದಲ್ಲಿ ಈ ವಾಸನೆ ಇರಲಿಲ್ಲ. ಪಕ್ಕದಲ್ಲಿ ನಡೆಯುತ್ತಿದ್ದ ನಿರುಪಮಾ ಓಡತೊಡಗಿದಳು, ಆಮೇಲೆ ಹಿಂದೆ ಬಿದ್ದಳು. "ಸ್ಲೋ, ಗಿರೀ!" ಎಂಬ ಕೂಗು ದೂರವಾಯಿತು. ಅವನಿಗೆ ನಗು ಬಂತು, ಅದರ ಜೊತೆಗೇ ಕಣ್ಣೀರೂ. ಒರಸಿಕೊಳ್ಳಲು ಕೈ ಬಿಡುವ ಧೈರ್ಯವಾಗಲಿಲ್ಲ.

ಸಂದೀಪನ ಗುಂಪು ಒಂದು ಗಂಟೆ ತಡವಾಗಿ, ಬೆವತು ಬಂತು. ಮಾತಾಡುತ್ತಾ ಎರಡನೆಯ ತಿರುವನ್ನೇ ತಪ್ಪಿಸಿಕೊಂಡಿದ್ದರು. "ಸಾರಿ ಕಣೋ, ನೀನು ಕೆಂಪಿಂಕಲ್ಲಿ ಬರೆದಿದ್ದೆ," ಎಂದು ಸಂದೀಪ್ ದೂರದಿಂದಲೇ ಕೂಗಿ ತಲೆ ಕೆರೆದುಕೊಂಡ. ಗಿರೀಶ ಆಗಲೇ ಒಂಬತ್ತನೆಯ ಸಾಲಿನಲ್ಲಿದ್ದ, ಅವರನ್ನು ನೋಡಿ ಗಂಟೆ ಬಾರಿಸಿದನೇ ಹೊರತು ನಿಲ್ಲಿಸಲಿಲ್ಲ.

ತಲೆಸುತ್ತಿನ ಮಾತ್ರೆಗಳ ದೆಸೆಯಿಂದ ಅವನು ವೈನ್ ಕುಡಿಯುವಂತಿರಲಿಲ್ಲ. ಲೊರೇನ್ ಕೊಟ್ಟ ಲೋಟವನ್ನು ಮೂಸಿ, ಸಂದೀಪನ ಕಡೆ ಸರಿಸಿದ.

ಸಂಜೆ ಹೊರಡುವಾಗ ಆಕೆ ಆ ಸೈಕಲ್ಲನ್ನು ವ್ಯಾನಿಗೆ ಹಾಕಿಸಿದಳು. ನಾಲ್ಕು ಸೈಕಲ್ಲುಗಳ ಜೊತೆ ಅದು ಹಿಡಿಸಲು ಹಿಂದಿನ ಸೀಟು ಮಡಚಬೇಕಾಯಿತು. ಜಾಗ ಸಾಲದೆ ಸಂದೀಪ್ ಮತ್ತು ಗುಂಪಿನ ಇನ್ನೊಬ್ಬ ಟ್ಯಾಕ್ಸಿಯಲ್ಲಿ ಹಿಂದಿರುಗಿದರು. ಈಗ ಗಿರೀಶ ಮಂಗಳವಾರ, ಶುಕ್ರವಾರ ಮಿಷನ್ ಬೇ ಕೊಲ್ಲಿಯ ದಂಡೆಯ ಸಮತಟ್ಟು ದಾರಿಯಲ್ಲಿ ಅದನ್ನು ತುಳಿಯುತ್ತಾನೆ. ನಡೆಯುವಾಗ ಕೋಲು ಬೇಕೇ ಬೇಕು, ಅದೇನೂ ಬದಲಾಗಿಲ್ಲ. ತಿಂಗಳಿಗೊಮ್ಮೆ ಲೊರೇನ್‌ಗೆ ಫೋನ್ ಮಾಡುತ್ತಾನೆ. ಇತ್ತೀಚೆಗೆ ಮಾತೆಲ್ಲ ಆಕೆಯ ಮಂಡಿನೋವಿನದೇ.