ಬಿಳಿ ಕಿವಿಯ ಎರಡು ಕುರಿಗಳು

ಶೆಟ್ಟಿಕೆರೆಯ ಚಿಕ್ಕಗೌರಮ್ಮನಿಗೆ ಅರವತ್ತು ದಾಟಿದೆ. ಗಂಡ ತೀರಿಕೊಂಡಾಗ, ತೆಂಗಿನ ತೋಟ ಇದೆಯಲ್ಲ, ಕುರಿ ಮಾರಿಬಿಡು ಎಂದರು ನೆಂಟರು. "ತೆಂಗಿನ ಮರ ನಂಜೊತೆ ಮಾತಾಡ್ತದಾ?" ಎಂದು ಅವರ ಬಾಯಿ ಮುಚ್ಚಿಸಿದಳು. ಒಂದೊಂದು ಕುರಿಯ ಮುಖವೂ ಅವಳಿಗೆ ಗೊತ್ತು ಎಂಬುದು ಊರಿನ ಮಾತು.

ಕಳೆದ ಮುಂಗಾರಿನ ಒಂದು ಸಂಜೆ ಗುಡ್ಡದ ತಪ್ಪಲಿನಲ್ಲಿ ಜೋರು ಮಳೆ ಹೊಡೆಯಿತು. ಅಲ್ಲೇ ಮೇಯುತ್ತಿದ್ದ ನಂಜುಂಡಪ್ಪನ ಮಂದೆ ಬೆದರಿ ಇವಳ ಮಂದೆಯೊಳಗೆ ನುಗ್ಗಿತು. ಕುರಿಗಳ ಬೆನ್ನಿಗೆ ಹಚ್ಚಿದ್ದ ಕೆಮ್ಮಣ್ಣಿನ ಗುರುತು ತೊಳೆದುಹೋಯಿತು. ಮಳೆ ನಿಂತ ಮೇಲೆ ಇಬ್ಬರೂ ಕಣ್ಣಂದಾಜಿನಲ್ಲೇ ಕುರಿಗಳನ್ನು ಬೇರೆ ಮಾಡಿಕೊಂಡರು. ಕೊನೆಗೆ ಉಳಿದದ್ದು ಬಿಳಿ ಕಿವಿಯ ಒಂದು ಕರಿ ಕುರಿ. ನಂಜುಂಡಪ್ಪ ತನ್ನದೆಂದ. ಚಿಕ್ಕಗೌರಮ್ಮ ಬಿಡಲಿಲ್ಲ.

"ಆ ಕಿವಿ ದಿನಾ ನೋಡ್ತೀನಿ ಕಣಪ್ಪ, ನಂದೇ ಅದು" ಎಂದು ಹೊಡೆದುಕೊಂಡು ಬಂದಳು.

ಹಟ್ಟಿಯಲ್ಲಿ ಮರಿಗಳನ್ನು ಬಿಟ್ಟ ಕೂಡಲೇ ಎಲ್ಲವೂ ತಂತಮ್ಮ ತಾಯಿಯ ಕೆಚ್ಚಲಿಗೆ ಓಡಿದವು. ಒಂದು ಮಾತ್ರ ಅರಚುತ್ತ ಅಲೆಯಿತು. ಅದನ್ನೆತ್ತಿ ಬಿಳಿ ಕಿವಿಯ ಕುರಿಯ ಬಳಿ ಬಿಟ್ಟಳು. ಕುರಿ ಅದರ ಬಾಲ ಮೂಸಿ, ತಲೆಯಿಂದ ಗುದ್ದಿ ದೂರ ತಳ್ಳಿತು.

"ಮಳೇಲಿ ವಾಸ್ನೆ ತೊಳ್ದೋಗಿರ್ಬೇಕು ಅತ್ತೆ, ಹಿಡ್ಕಂಡು ಕುಡ್ಸಾನ" ಎಂದಳು ಸೊಸೆ ನಿರ್ಮಲಾ.

"ಮರಿ ಮನೇಲೇ ಇತ್ತಲ್ಲೇ, ಎಲ್ ನೆನೀತು? ತಪ್ಪಿರೋದು ನನ್ ಕಣ್ಣೇ ಬುಡು."

ಒದ್ದೆ ಸೀರೆಯಲ್ಲೇ ಕುರಿಯನ್ನು ನಂಜುಂಡಪ್ಪನ ಹಟ್ಟಿಗೆ ಹೊಡೆದುಕೊಂಡು ಹೋದಳು. ಒಳಗಿನಿಂದ ಒಂದು ಮರಿ ಕೂಗಿದ್ದೇ ತಡ, ಕುರಿ ಅವಳ ಕೈ ಬಿಡಿಸಿಕೊಂಡು ಓಡಿತು.

"ನಾನಾಗಿದ್ರೆ ವಾಪಸ್ ಬತ್ತಿರ್ಲಿಲ್ಲ ಗೌರಕ್ಕ" ಎಂದ ನಂಜುಂಡಪ್ಪ.

ಆದರೆ ಅಂಥದೇ ಬಿಳಿ ಕಿವಿಯ ಅವಳ ಕುರಿ ಅವನ ಮಂದೆಯಲ್ಲೂ ಇರಲಿಲ್ಲ. ಮರಿಗೆ ಬೇರೆ ಕುರಿಯ ಹಾಲು ಕುಡಿಸಿ ಮಲಗಿಸಿದರು. ಬೆಳಿಗ್ಗೆ ನಂಜುಂಡಪ್ಪ ತಾನಾಗಿಯೇ ಹುಡುಕಲು ಜೊತೆಗೆ ಬಂದ. ಗುಡ್ಡದ ಕೆಳಗಿನ ತೋಟಗಳಲ್ಲಿ ಕುರಿಯ ದನಿ ಕೇಳಿದಾಗಲೆಲ್ಲ ಅವನು ಅತ್ತ ಹೊರಡುತ್ತಿದ್ದ. "ಅದಲ್ಲ, ಬಾ" ಎಂದು ಅವಳು ಮುಂದೆ ನಡೆಯುತ್ತಿದ್ದಳು. ಶಂಭುಲಿಂಗಯ್ಯನ ತೋಟದ ಬೇಲಿಯ ಬಳಿ ತಟ್ಟನೆ ನಿಂತಳು. ಒಳಗೆ ಪಂಪಿನ ಮೋಟಾರಿನ ಬಳಿ ಶಂಭುಲಿಂಗಯ್ಯನೇ ಇದ್ದ.

"ಮೋಟ್ರು ಒಸಿ ನಿಲ್ಸಿ ಸ್ವಾಮಿ."

ಮೋಟಾರಿನ ಸದ್ದು ಅಡಗಿತು. ತೆಂಗಿನ ಸಿಪ್ಪೆಯ ರಾಶಿಯ ಹಿಂದಿನಿಂದ ಸಣ್ಣ ದನಿಯೊಂದು ಬಂತು. ಗಂಡಸರಿಬ್ಬರಿಗೂ ಅದು ಎಲ್ಲ ಕುರಿಗಳ ಕೂಗಿನಂತೆಯೇ ಕೇಳಿಸಿತು. ಚಿಕ್ಕಗೌರಮ್ಮ ಆಗಲೇ ಬೇಲಿ ದಾಟಿದ್ದಳು.

ಕಾಲು ಉಳುಕಿದ್ದ ಕುರಿಯನ್ನು ನಂಜುಂಡಪ್ಪ ಹೆಗಲ ಮೇಲೆ ಹೊತ್ತು ತಂದ. ಮರಿ ಹೊಟ್ಟೆ ತುಂಬ ಕುಡಿಯುವವರೆಗೂ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ ಚಿಕ್ಕಗೌರಮ್ಮ, ಆಮೇಲೆ ಎದ್ದು ಅವನಿಗೂ ಮುದ್ದೆ ಬಡಿಸಲು ಒಳಗೆ ಹೋದಳು.