ಓಣಿಗೆ ಬಿದ್ದ ಡೈಪರುಗಳು

ಬೆಂಗೇರಿಯ ಚಾಂದಬಿ ಬ್ಲೌಸ್ ಹೊಲಿಯುವುದರಲ್ಲಿ ಹೆಸರಾದವಳು. ಸೊಸೆ ಮುಸ್ಕಾನ್ ಅವಳಿಗಳನ್ನು ಹೆತ್ತ ಮೇಲೆ ಮನೆಯಲ್ಲಿ ದಿನಾ ಒಂದು ಚೀಲ ಡೈಪರ್ ಕಸ ತುಂಬತೊಡಗಿತು. ಒಂದು ಬೆಳಿಗ್ಗೆ ನಾಯಿಗಳು ಆ ಚೀಲವನ್ನು ಹರಿದು ಓಣಿಯ ತುಂಬ ಹರವಿಬಿಟ್ಟವು. ಚಾಂದಬಿ ನಾಚಿಕೊಂಡು ತಾನೇ ಆರಿಸತೊಡಗಿದಳು. ಕಸದ ಗಾಡಿಯ ದುರ್ಗವ್ವ ಕೈಜೋಡಿಸಿ, "ಇವು ಲಗೂ ಕೊಳಿಯಂಗಿಲ್ರಿ ಅಕ್ಕಾರ. ನಿಮ್ಮ ಮೊಮ್ಮಕ್ಕಳು ಮುದುಕರಾದ್ರೂ ಹಂಗ ಇರ್ತಾವ" ಎಂದು ನಕ್ಕಳು.

ಚಾಂದಬಿಗೆ ಆ ಮಾತು ನಾಟಿತು. ಮಧ್ಯಾಹ್ನವೇ ತನ್ನ ಹಳೆಯ ಹತ್ತಿ ಸೀರೆಗಳನ್ನು ಕತ್ತರಿಸಿ ಲಂಗೋಟಿ ಹೊಲಿದಳು. ಒಳಪದರಕ್ಕೆ ಗಂಡನ ಬನಿಯನ್ನುಗಳೂ ಹೋದವು.

"ಭಾಳ ಛಲೋ ಅದಾವ ಅಮ್ಮಿ. ಆದ್ರ ಒಗಿಯೋರು ಯಾರು?" ಎಂದಳು ಮುಸ್ಕಾನ್.

"ಕೂಸುಗಳ ಅಪ್ಪ ಅದಾನಲ್ಲ!"

ತಾರಿಹಾಳದ ವರ್ಕ್‌ಶಾಪಿನಲ್ಲಿ ದುಡಿಯುವ ಮಗ ಜಾಕೀರ ಮೊದಮೊದಲು ಮೂಗು ಮುಚ್ಚಿಕೊಂಡು ಒಗೆದ. ಈಗ ಹಾಡುತ್ತ ಒಗೆಯುತ್ತಾನೆ. ಮಳೆಗೆ ಬಟ್ಟೆ ಒಣಗದಿದ್ದರೆ, ಊರಿಗೆ ಹೊರಟರೆ ಡೈಪರ್ ಬೇಕೇ ಬೇಕು. ಆದರೂ ಕಸದ ಚೀಲ ಈಗ ವಾರಕ್ಕೊಮ್ಮೆ ತುಂಬಿದರೆ ಹೆಚ್ಚು.

ಓಣಿಯ ಬಸುರಿಯರೂ ಹಳೇ ಸೀರೆ ಹಿಡಿದು ಬರತೊಡಗಿದ್ದಾರೆ. ಬ್ಲೌಸ್ ತಡವಾಯಿತೆಂದು ಯಾರಾದರೂ ಗೊಣಗಿದರೆ ಚಾಂದಬಿ ನಗುತ್ತಾಳೆ: "ನೀವು ಕಾಯ್ತೀರಿ ಬಾಯಾರ, ಕೂಸು ಕಾಯಂಗಿಲ್ಲ!"