ಕೈ ಮುಗಿಯುವ ಕಳ್ಳ

ಮೋಮಿನಪುರದ ಸನೋಬರ್ ಕಲಬುರಗಿಯ ಒಂದು ದಿನಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದಳು. ಕಮಲಾಪುರ ಅವಳ ಪಾಲಿಗೆ ಬಂದ ಊರು. ಬಸ್ಸಿನಲ್ಲಿ ಹೋಗಿ ಸುದ್ದಿ ತರುತ್ತಿದ್ದಳು. ತರುವುದು ಖರೆ ಸುದ್ದಿಯೇ. ಬರೆಯಲು ಕೂತಾಗ ಮಾತ್ರ ಅದಕ್ಕೆ ಬಾಲ ಮೂಡುತ್ತಿತ್ತು.

ಒಮ್ಮೆ ಕಮಲಾಪುರದಲ್ಲಿ ನೀರಿನ ತೊಟ್ಟಿಯ ಉದ್ಘಾಟನೆ. ಭಾಷಣ ಮುಗಿಯುವ ಮೊದಲೇ ಎಮ್ಮೆಯೊಂದು ರಿಬ್ಬನ್ ಹರಿದು ನುಗ್ಗಿ ನೀರು ಕುಡಿಯಿತು. "ಉದ್ಘಾಟನೆ ನೆರವೇರಿಸಿದ ಎಮ್ಮೆ ಗಣ್ಯರತ್ತ ನೋಡಿ ನಕ್ಕಿತು" ಎಂದು ಸನೋಬರ್ ಬರೆದಳು. ಅದು ಹಾಗೇ ಅಚ್ಚಾಯಿತು.

ಮರುದಿನ ಸಂಪಾದಕ ಮಕ್ಸೂದ್ ಸಾಹೇಬರು ಕರೆದರು. "ಎಮ್ಮಿ ನಕ್ತು ಅಂತ ಯಾರು ಹೇಳ್ಯಾರ?"

"ನಾನೇ ನೋಡೀನ್ರಿ ಸರ್."

"ಎಮ್ಮಿ ಹೇಳಿಕಿ ತಗೊಂಡೀಯೇನು?"

ತಿದ್ದುಪಡಿ ಹಾಕಿದರು: "ಎಮ್ಮೆ ನಕ್ಕಿರಲಿಲ್ಲ ಎಂದು ಓದಿಕೊಳ್ಳಬೇಕು." ಅದನ್ನು ಓದಿದ ಎಮ್ಮೆಯ ಮಾಲೀಕ ಫೋನ್ ಮಾಡಿ, "ನಮ್ಮ ಎಮ್ಮಿ ನಗ್ತದ್ರಿ, ಬಂದು ನೋಡ್ರಿ" ಎಂದು ಜಗಳಕ್ಕೇ ನಿಂತ. ಮಕ್ಸೂದ್ ಸಾಹೇಬರು ಹಣೆ ಒತ್ತಿಕೊಂಡರು. "ಸನೋಬರ್, ನಿನಗ ಸುದ್ದಿ ಸಾಲಂಗಿಲ್ಲವ್ವಾ. ಕಥಿ ಬರಿ, ಹೋಗು."

ಅವಳು ನಿಜವಾಗಿಯೂ ಹೋದಳು. ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಯ ಮೇಲೊಂದು ಕೋಣೆ ಹಿಡಿದು ಮಕ್ಕಳಿಗಾಗಿ ಕಾಮಿಕ್ಸ್ ಶುರು ಮಾಡಿದಳು. ಬರೆಯುವವಳೂ ಸಂಪಾದಕಿಯೂ ತಾನೇ. ಚಿತ್ರಕ್ಕೆ ಕಮಲಾಪುರದ ದತ್ತಪ್ಪ ಸಿಕ್ಕ. ಗೋಡೆ ಮೇಲೆ ಚುನಾವಣೆಯ ಚಿತ್ರ ಬರೆಯುತ್ತಿದ್ದವನು, ಫ್ಲೆಕ್ಸ್ ಬಂದ ಮೇಲೆ ಖಾಲಿ ಕೂತಿದ್ದ.

ಮೊದಲ ಕಥೆ ಒಬ್ಬ ಕಳ್ಳನದು. ದತ್ತಪ್ಪ ಬರೆದು ತಂದ ಚಿತ್ರದಲ್ಲಿ ಕಳ್ಳ ಕೈ ಮುಗಿದು ನಿಂತಿದ್ದ. ಮನೆಯೊಡತಿಯೂ ಕೈ ಮುಗಿದಿದ್ದಳು. ಪೊಲೀಸರೂ ಅಷ್ಟೇ.

"ಇದೇನ್ರಿ ದತ್ತಪ್ಪಣ್ಣ?"

"ನಂಗ ಬ್ಯಾರೆ ಥರ ಕೈ ಬರಂಗಿಲ್ರಿ ಮೇಡಂ. ಇಷ್ಟು ವರ್ಷ ಲೀಡರ್ ಮಂದೀನೇ ಬರ್ದೀನಿ. ಅವ್ರು ಕೈ ಮುಗಿಯೋದು ಬಿಟ್ಟು ಬ್ಯಾರೆ ಏನು ಮಾಡ್ತಾರ?"

ಸನೋಬರ್ ಚಿತ್ರ ಬದಲಿಸದೆ ಕಥೆಯನ್ನೇ ಬದಲಿಸಿದಳು. ಅವಳ ಕಳ್ಳ ಈಗ ಮಹಾ ಮರ್ಯಾದಸ್ಥ. "ನಮಸ್ಕಾರ್ರಿ ಅವ್ವಾರ, ನಾ ಕಳ್ಳ. ಬೀಗದ ಕೈ ಎಲ್ಲದ?" ಎನ್ನುತ್ತಾನೆ. ಆ ತಾಯಿ, "ಕಪಾಟಿನ ಮ್ಯಾಲ ಅದಪ್ಪಾ" ಎನ್ನುತ್ತಾಳೆ.

ಪುಸ್ತಕ ಬಿಸಿ ಭಜಿಯಂತೆ ಖರ್ಚಾಯಿತು. ಕಮಲಾಪುರದಲ್ಲಿ ಓಟು ಕೇಳಲು ಕೈ ಮುಗಿದುಕೊಂಡು ಬಂದ ಅಭ್ಯರ್ಥಿಯೊಬ್ಬನನ್ನು ಕಂಡು ಮಕ್ಕಳು, "ಕಳ್ಳ ಬಂದ! ಕಳ್ಳ ಬಂದ!" ಎಂದು ಕೂಗಿ ಓಡಿದರು. ಮುಂದಿನ ಓಣಿಯಿಂದ ಅವನು ಬರೀ ಕೈ ಬೀಸುತ್ತಾ ಹೋದನಂತೆ.

ಅಷ್ಟರಲ್ಲಿ ದತ್ತಪ್ಪ ಗುಟ್ಟಾಗಿ ಕೈ ಬರೆಯಲು ಕಲಿತುಬಿಟ್ಟ. ನಾಲ್ಕನೇ ಪುಸ್ತಕಕ್ಕೆ ತಂದ ಚಿತ್ರಗಳಲ್ಲಿ ಕಳ್ಳ ಬೆರಳು ತೋರಿಸುತ್ತಿದ್ದ, ಮುಷ್ಟಿ ಬಿಗಿಯುತ್ತಿದ್ದ. ಒಂದೊಂದು ಉಗುರೂ ಮುದ್ದಾಗಿತ್ತು.

"ಕೈ ಭಾಳ ಛಂದ ಬಂದಾವಣ್ಣ. ಆದ್ರ ಇಂವ ನಮ್ಮ ಕಳ್ಳ ಅಲ್ಲ," ಎಂದಳು ಸನೋಬರ್.

ದತ್ತಪ್ಪನ ಮುಖ ಸಣ್ಣದಾಯಿತು. ಹಾಳೆ ಸುತ್ತಿಕೊಂಡು ಊರಿಗೆ ಹೋದವನು ಫೋನೇ ಎತ್ತಲಿಲ್ಲ. ಸನೋಬರ್‌ಗೆ ಊಟ ಸೇರಲಿಲ್ಲ. ತಾನೂ ಮಕ್ಸೂದ್ ಸಾಹೇಬರ ಹಾಗೇ ಆದೆನಲ್ಲ ಎನಿಸಿತು.

ಎರಡು ದಿನ ಬಿಟ್ಟು ತಾಯಿ ಇಕ್ಬಾಲ್ ಬೇಗಂಳನ್ನು ಕರೆದುಕೊಂಡು ಕಮಲಾಪುರದ ಬಸ್ಸು ಹತ್ತಿದಳು. ದತ್ತಪ್ಪ ಬಾಗಿಲು ತೆಗೆದು, ಮುಖ ಊದಿಸಿಕೊಂಡೇ ಚಾಪೆ ಹಾಸಿದ. ಅವ್ವ ಕೂತವಳೇ, ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಆದ ಜಗಳ ಹೇಳತೊಡಗಿದಳು. ಎಡಗೈ ಕಂಡಕ್ಟರ್ ಆಯಿತು, ಬಲಗೈ ಬಸ್ಸಾಯಿತು, ಮಧ್ಯೆ ಚಹಾದ ಕಪ್ಪು ಉರುಳಿತು. ದತ್ತಪ್ಪ ಅವಳ ಕೈಗಳನ್ನೇ ನೋಡುತ್ತಾ ಪೆನ್ಸಿಲಿಗಾಗಿ ತಡಕಾಡಿದ.

"ಕಳ್ಳ ಕೈ ಮುಗೀಲಿ. ಅವನನ್ನ ಹಿಡಿಯಾಕ ಹಿಂಗ ಕೈ ಆಡ್ಸೋ ಒಬ್ಬಾಕಿ ಇನ್ಸ್‌ಪೆಕ್ಟರ್ ಬೇಕಾಗ್ಯಾಳಣ್ಣ," ಎಂದಳು ಸನೋಬರ್.

"ಈ ಅಮ್ಮಾರು ಇಷ್ಟು ದಿನ ಎಲ್ಲಿದ್ರು ಮೇಡಂ?" ಎಂದ ದತ್ತಪ್ಪ. ಸಿಟ್ಟು ಅಲ್ಲಿಗೆ ಇಳಿದಿತ್ತು.

ಆ ಇನ್ಸ್‌ಪೆಕ್ಟರ್ ಬಂದಾಗಿನಿಂದ ಕಾಮಿಕ್ಸ್ ಬೀದರ್, ರಾಯಚೂರಿಗೂ ಹೋಗುತ್ತಿದೆ. ಇಕ್ಬಾಲ್ ಬೇಗಂಗೆ ಮಾತ್ರ ಒಂದು ತಕರಾರಿದೆ: ಇನ್ಸ್‌ಪೆಕ್ಟರ್‌ಗೆ ಇನ್ನೂ ಪ್ರಮೋಷನ್ ಯಾಕೆ ಸಿಕ್ಕಿಲ್ಲ? ಮಗಳು ಪ್ರತಿ ತಿಂಗಳೂ ಮುಂದೂಡುತ್ತಿದ್ದಾಳೆ.